ನುಂಚಾಕು, ಸಾಯ್ ನಿಜಕ್ಕೂ ರೈತರ ಆಯುಧಗಳೇ?

ಪ್ರಶ್ನೆ: ನನ್ನ ಮಗ ಕರಾಟೆ ಕ್ಲಾಸಿಗೆ ಹೋಗುತ್ತಾನೆ. ಜಪಾನಿನ ಓಕಿನಾವಾ ದ್ವೀಪದಲ್ಲಿ ರಾಜರು ಕತ್ತಿಗಳನ್ನು ಕಿತ್ತುಕೊಂಡರು, ಆಗ ಬಡ ರೈತರು ಹೊಲದ ಸಲಕರಣೆಗಳನ್ನೇ ಆಯುಧ ಮಾಡಿಕೊಂಡು ಸಮುರಾಯ್‌ಗಳ ಜೊತೆ ಹೋರಾಡಿದರು ಅಂತ ಅಲ್ಲಿ ಹೇಳಿದ್ದಾರಂತೆ. ಇದು ನಿಜವೇ?

ಉತ್ತರ: ಸ್ವಲ್ಪ ನಿಜ, ಜಾಸ್ತಿ ಕಥೆ. ಈ ಕಥೆಯನ್ನು ಪ್ರಪಂಚದ ತುಂಬಾ ಕರಾಟೆ ಕ್ಲಾಸುಗಳಲ್ಲಿ ಹೇಳುತ್ತಾರೆ, ಹಾಗಾಗಿ ನಿಮ್ಮ ಮಗನ ಮೇಷ್ಟ್ರ ತಪ್ಪೇನಿಲ್ಲ. ಆದರೆ ಈ ಆಯುಧವಿದ್ಯೆಯನ್ನು ಉಳಿಸಿದವರು ಯಾರು ಅನ್ನುವುದು ಇದರಲ್ಲಿ ಮರೆತೇಹೋಗುತ್ತದೆ. ಅದು ನನಗೆ ಬೇಸರದ ವಿಷಯ.

ಮೊದಲು ಕತ್ತಿಯ ನಿಷೇಧ ನೋಡೋಣ. ಓಕಿನಾವಾ ಆಗ ರ್‍ಯೂಕ್ಯೂ ಅನ್ನುವ ಪ್ರತ್ಯೇಕ ರಾಜ್ಯ. 1477ರಲ್ಲಿ ಪಟ್ಟಕ್ಕೆ ಬಂದ ಶೋ ಶಿನ್ ಅಲ್ಲಿನ ದೊಡ್ಡ ರಾಜ. ರಾಜಧಾನಿ ಶುರಿಯ ಅರಮನೆಯ ಕಲ್ಲಿನ ಕಟಾಂಜನದ ಮೇಲೆ 1509ರಲ್ಲಿ ಅವನ ಸಾಧನೆಗಳನ್ನು ಕೆತ್ತಿಸಿದ್ದರು. ಕತ್ತಿ, ಬಿಲ್ಲು, ಬಾಣಗಳನ್ನು ಒಂದೆಡೆ ಕೂಡಿಟ್ಟ ಮಾತು ಅದರಲ್ಲಿದೆ. ಜನರಿಂದ ಆಯುಧ ಕಸಿದುಕೊಂಡರು ಅಂತ ಮೊದಲು ಇದನ್ನು ಓದಿಕೊಂಡರು. ರಾಜ್ಯದ ರಕ್ಷಣೆಗೆ ಆಯುಧ ಸಂಗ್ರಹಿಸಿದರು ಅಂತ ಆಮೇಲಿನ ಇತಿಹಾಸಕಾರರು ಓದುತ್ತಾರೆ. ಎರಡೂ ಬೇರೆ ಬೇರೆ, ಅಲ್ವಾ? ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

1609ರಲ್ಲಿ ಜಪಾನಿನ ಸತ್ಸುಮಾ ಪ್ರಾಂತ್ಯದ ಪಡೆ ದಂಡೆತ್ತಿ ಬಂದು ಗೆದ್ದಿತು. ಬಂದೂಕುಗಳ ಮೇಲೆ ಹಿಡಿತ ಬಂತು. ಆದರೂ ರ್‍ಯೂಕ್ಯೂದವರು ತಮ್ಮ ಸ್ವಂತ ಕತ್ತಿಗಳನ್ನು ರಿಪೇರಿಗೆ ಸತ್ಸುಮಾದ ಕಗೋಶಿಮಾ ಊರಿಗೆ ಒಯ್ಯಬಹುದು ಅಂತ 1613ರಲ್ಲಿ ಸತ್ಸುಮಾದವರೇ ಅನುಮತಿ ಕೊಟ್ಟಿದ್ದಾರೆ. ಕತ್ತಿಯೇ ಇಲ್ಲದಿದ್ದರೆ ರಿಪೇರಿ ಯಾವುದಕ್ಕೆ?

ಈಗ ಆಯುಧಗಳಿಗೆ ಬರೋಣ. ಸಾಯ್ ಅಂದರೆ ನಡುವೆ ಉದ್ದ ಕಂಬಿ, ಹಿಡಿಯ ಪಕ್ಕದಲ್ಲಿ ಎರಡು ಕೊಂಬು ಇರುವ ಕಬ್ಬಿಣದ ಆಯುಧ. ಬೀಜ ಬಿತ್ತಲು ಕುಳಿ ತೋಡುವ ಸಲಕರಣೆ ಇದು ಅಂತ ಕೆಲವರು ಹೇಳುತ್ತಾರೆ. ಓಕಿನಾವಾದಲ್ಲಿ ಕಬ್ಬಿಣವೇ ಅಪರೂಪ, ಹೊರಗಿಂದ ತರಿಸಬೇಕಿತ್ತು. ಕುಳಿ ತೋಡಲು ಒಂದು ಕಡ್ಡಿ ಸಾಕು. ಸಾಯ್ ಹಿಡಿಯುತ್ತಿದ್ದವರು ರಾಜ್ಯದ ಪೊಲೀಸ್ ಅಧಿಕಾರಿಗಳು. ಅದಕ್ಕೆ ಅಲಗಿಲ್ಲ. ಎದುರಾಳಿಯ ಕೋಲನ್ನು ಕೊಂಬಿನಲ್ಲಿ ಸಿಕ್ಕಿಸಿ ತಿರುಚಬಹುದು, ಕೊಲ್ಲದೆ ಹಿಡಿಯಬಹುದು. ಎರಡು ಕೈಯಲ್ಲೂ ಒಂದೊಂದು ಹಿಡಿದು, ಮೂರನೆಯ ಸಾಯ್ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುವುದೂ ಉಂಟು, ಎಸೆಯಲು. ಇಂಥದ್ದೇ ಆಯುಧ ಮಲೇಷ್ಯಾದಲ್ಲೂ ಇದೆ, ಅಲ್ಲಿ ಅದರ ಹೆಸರು ತೆಕ್ಪಿ.

ತೋನ್‌ಫಾ ಅಂದರೆ ಪಕ್ಕದಲ್ಲಿ ಹಿಡಿ ಇರುವ ಮರದ ಕೋಲು, ನುಂಚಾಕು ಅಂದರೆ ಹಗ್ಗ ಅಥವಾ ಸರಪಳಿಯಿಂದ ಜೋಡಿಸಿದ ಎರಡು ಕೋಲು. ತೋನ್‌ಫಾ ಬೀಸುಕಲ್ಲಿನ ಹಿಡಿ, ನುಂಚಾಕು ಕಾಳು ಬಡಿಯುವ ಕೋಲು ಅಥವಾ ಕುದುರೆಯ ಕಡಿವಾಣ ಅಂತೆಲ್ಲ ಹೇಳುತ್ತಾರೆ. ಇವು ಊಹೆಗಳು, ಖಚಿತ ಪುರಾವೆ ಇಲ್ಲ. ನುಂಚಾಕುವಿಗಂತೂ ಹಳೆಯ ಕತಾಗಳೇ, ಅಂದರೆ ಗೊತ್ತುಮಾಡಿದ ಅಭ್ಯಾಸ ಸರಣಿಗಳೇ, ತೀರಾ ಕಡಿಮೆ. ಅದು ಇಷ್ಟು ಹೆಸರಾಗಿದ್ದು 1970ರ ದಶಕದಲ್ಲಿ ಬ್ರೂಸ್ ಲೀ ತೆರೆಯ ಮೇಲೆ ಬೀಸಿದ ಮೇಲೆ.

ಹಾಗಂತ ದುಡಿಯುವವರ ಸಲಕರಣೆ ಇಲ್ಲವೇ ಇಲ್ಲ ಅಂತಲ್ಲ. ಕಾಮಾ ಅಂದರೆ ಕುಡುಗೋಲೇ. ಏಕು ಅಂದರೆ ದೋಣಿಯ ಹುಟ್ಟು. ಏಕು ಕತಾದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪಟ್ಟು ಇದೆ: ಹುಟ್ಟಿನ ತುದಿಯಿಂದ ಮರಳನ್ನು ಚಿಮ್ಮಿಸಿ ಎದುರಾಳಿಯ ಕಣ್ಣಿಗೆ ಎರಚುವುದು. ದಡದ ಮೇಲೆ ನಿಂತ ಮೀನುಗಾರನಿಗಲ್ಲದೆ ಬೇರೆ ಯಾರಿಗೆ ಇದು ಹೊಳೆದೀತು!

ಆದರೆ ಉಳಿದ ಕತಾಗಳ ಹೆಸರು ಕೇಳಿ. ಚಾತಾನ್ ಯಾರಾ ನೋ ಸಾಯ್, ತ್ಸುಕೆನ್ ಶಿತಾಹಾಕು ನೋ ಸಾಯ್, ಸಕುಗಾವಾ ನೋ ಕೊನ್ (ಕೊನ್ ಅಂದರೆ ಕೋಲು). ವ್ಯಕ್ತಿಗಳ, ಊರುಗಳ ನೆನಪು ಇವುಗಳಲ್ಲಿದೆ. ಸಕುಗಾವಾ ಪೆಚಿನ್ ದರ್ಜೆಯವನು. ಪೆಚಿನ್ ಅಂದರೆ ರಾಜನ ಆಡಳಿತ ನಡೆಸುತ್ತಿದ್ದ ಅಧಿಕಾರಿ ವರ್ಗ. ಕಲಿಯಲು ಬಿಡುವೂ ಗುರುವೂ ಬೇಕು. ಬೆಳಗಿನಿಂದ ಸಂಜೆವರೆಗೆ ಹೊಲದಲ್ಲಿ ಬಾಗಿದವನಿಗೆ ಅವೆರಡೂ ಸುಲಭವಾಗಿ ಸಿಗುತ್ತಿರಲಿಲ್ಲ.

ಹಾಗಾದರೆ ರೈತರು ಎಲ್ಲಿಂದ ಬಂದರು? 18ನೇ ಶತಮಾನದಿಂದಲೇ ಕೆಲಸ ಸಿಗದ ಅಧಿಕಾರಿ ಮನೆತನಗಳು ಶುರಿ, ನಾಹಾ ಪಟ್ಟಣಗಳನ್ನು ಬಿಟ್ಟು ಹಳ್ಳಿಗಳಲ್ಲಿ ನೆಲೆಸಿ ಬೇಸಾಯಕ್ಕಿಳಿದವು. 1879ರಲ್ಲಿ ಜಪಾನ್ ಆ ರಾಜ್ಯವನ್ನೇ ರದ್ದು ಮಾಡಿದಾಗ ಇನ್ನಷ್ಟು ಜನ ಅದೇ ದಾರಿ ಹಿಡಿದರು. ನೇಗಿಲು ಹಿಡಿದರೂ ವಿದ್ಯೆ ಬಿಡಲಿಲ್ಲ. ಅವರನ್ನು ನೋಡಿದವರಿಗೆ ಇದು ರೈತರ ವಿದ್ಯೆಯಾಗಿ ಕಂಡಿರಬೇಕು ಅನ್ನುವುದು ನನ್ನ ಅಂದಾಜು.

ನಿಮ್ಮ ಮಗನಿಗೆ ಒಬ್ಬರ ಹೆಸರು ಹೇಳಿಕೊಡಿ: ತಾಯ್‌ರಾ ಶಿಂಕೆನ್. 1897ರಲ್ಲಿ ಕುಮೆ ದ್ವೀಪದಲ್ಲಿ ಹುಟ್ಟಿದವರು. ತೋಕ್ಯೋದಲ್ಲಿ ಫುನಾಕೋಶಿ ಅವರ ಹತ್ತಿರ ಕರಾಟೆ ಕಲಿತರು, ಯಾಬಿಕು ಮೋದೆನ್ ಅವರ ಹತ್ತಿರ ಆಯುಧವಿದ್ಯೆ ಕಲಿತರು. 1945ರ ಓಕಿನಾವಾ ಯುದ್ಧದಲ್ಲಿ ಶುರಿ ಅರಮನೆ ನೆಲಸಮವಾಯಿತು, ಎಷ್ಟೋ ದಾಖಲೆಗಳು ಸುಟ್ಟವು, ಕಲಿತವರು ಸತ್ತರು. ಅದಾದ ಮೇಲೂ ಅವರು ಎಂಟು ಬಗೆಯ ಆಯುಧಗಳ ನಲವತ್ತಕ್ಕೂ ಹೆಚ್ಚು ಕತಾಗಳನ್ನು ಒಟ್ಟುಮಾಡಿ, 1970ರಲ್ಲಿ ತೀರಿಕೊಳ್ಳುವವರೆಗೂ ಕಲಿಸಿದರು. ಇವತ್ತು ಸಾಯ್, ತೋನ್‌ಫಾ ಕತಾಗಳನ್ನು ಕಲಿಯುವ ಎಷ್ಟೋ ಮಕ್ಕಳಿಗೆ ಆ ವಿದ್ಯೆ ಬಂದಿರುವುದು ಅವರ ಶಿಷ್ಯರ ಮೂಲಕ.