ಒಂದೇ ಕಂಬ, ಎರಡು ಅಂಕ

ತೀರ್ಥಹಳ್ಳಿ ಕಡೆಯ ಒಂದು ಮನೆ. ಜುಲೈ ತಿಂಗಳು. ಮರ ಬಿದ್ದು ತಂತಿ ಹರಿದು ಮೂರು ದಿನದಿಂದ ಕರೆಂಟಿಲ್ಲ. ಸಮೀಕ್ಷೆಯವರು ಬಂದು, ವಿದ್ಯುತ್ ಪೂರೈಕೆಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಿ ಎಂದು ಕೇಳಿದರು ಅಂದುಕೊಳ್ಳಿ. ಅಜ್ಜ ನಾಲ್ಕು ಕೊಡುತ್ತಾರೆ. "ಮಳೆಗಾಲ ಅಲ್ವಾ ಮಾರಾಯ್ರೆ, ಪಾಪ ಲೈನ್‌ಮ್ಯಾನ್ ಆದ್ರೂ ಎಂತ ಮಾಡ್ತಾನೆ?" ಊರಿಂದಲೇ ಆಫೀಸಿನ ಕೆಲಸ ಮಾಡೋಣ ಅಂತ ಬೆಂಗಳೂರಿನಿಂದ ಬಂದ ಮೊಮ್ಮಗಳು ಒಂದು ಕೊಡುತ್ತಾಳೆ.

ಇಬ್ಬರದ್ದೂ ಸುಳ್ಳಲ್ಲ. ತೃಪ್ತಿ ಸೇವೆಯನ್ನು ಅಳೆಯುವುದಿಲ್ಲ. ನಾವು ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಅಂತರವನ್ನು ಅಳೆಯುತ್ತದೆ. ಗಿರಾಕಿಗಳ ವಿಷಯದಲ್ಲಿ ಅಮೆರಿಕದ ಸಂಶೋಧಕ ರಿಚರ್ಡ್ ಆಲಿವರ್ 1980ರಲ್ಲೇ ಇದನ್ನು ವಿವರಿಸಿದ್ದರು. ಸರ್ಕಾರಿ ಸೇವೆಗೂ ಇದು ಹೊಂದುತ್ತದೆ ಎಂದು ಇನ್ನೊಬ್ಬ ಸಂಶೋಧಕ ಗ್ರೆಗ್ ವ್ಯಾನ್ ರೈಜಿನ್ 2004ರಲ್ಲಿ ನ್ಯೂಯಾರ್ಕ್ ನಗರದ ಜನರ ಉತ್ತರಗಳಿಂದ ತೋರಿಸಿದರು.

ಹಾಗಾಗಿ ಸೇವೆ ಸುಧಾರಿಸಿದಾಗ ಅಂಕ ಇಳಿಯಲೂಬಹುದು. ಶರಾವತಿ ಹಿನ್ನೀರನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೆ ಸಾಗರಕ್ಕೆ ಹೋಗಲು ದಶಕಗಳ ಕಾಲ ಲಾಂಚೇ ಗತಿ. ಸಂಜೆಯ ಕೊನೆಯ ಲಾಂಚ್ ತಪ್ಪಿತೋ, ದಡದಲ್ಲೇ ಉಳಿಯಬೇಕು, ಇಲ್ಲಾ ಎಲ್ಲೆಲ್ಲೋ ಸುತ್ತಿ ಬಳಸಿ ಹೋಗಬೇಕು. ನಾಡಿಗೆ ಕರೆಂಟು ಕೊಡಲು ಮುಳುಗಿದ ನೆಲದ ಜನ ಒಂದು ಸೇತುವೆಗೆ ಸುಮಾರು ಅರವತ್ತು ವರ್ಷ ಕಾದರು! 2025ರ ಜುಲೈನಲ್ಲಿ ಅದು ತೆರೆಯಿತು. ಲಾಂಚ್ ಹೊತ್ತಿಗೆ ಸರಿಯಾಗಿ ಬಂದರೆ ಸಾಕು ಅಂತಿದ್ದವರು ಇನ್ನು ರಾತ್ರಿ ಬಸ್ಸು ಕೇಳುತ್ತಾರೆ, ಆಂಬುಲೆನ್ಸ್ ಕೇಳುತ್ತಾರೆ. ಕೇಳಲೇಬೇಕು. ಆಗ ಅಂಕ ಕಡಿಮೆ ಬಂದರೆ ನಾನಂತೂ ಒಳ್ಳೆ ಸುದ್ದಿ ಅಂತಲೇ ಓದುತ್ತೇನೆ.

ಜನರನ್ನು ಬಿಟ್ಟು ಮೀಟರನ್ನು ಕೇಳಿದರೆ? ಅದಕ್ಕೆ 'ಸೈಡಿ' ಎಂಬ ಸೂಚ್ಯಂಕವಿದೆ. ಒಬ್ಬ ಗ್ರಾಹಕನಿಗೆ ವರ್ಷದಲ್ಲಿ ಸರಾಸರಿ ಎಷ್ಟು ಹೊತ್ತು ಕರೆಂಟಿರಲಿಲ್ಲ ಅನ್ನುವ ಲೆಕ್ಕ. ನಮ್ಮ ದೇಶದಲ್ಲಿ ಇದನ್ನು ಹೆಚ್ಚಾಗಿ 11 ಕೆವಿ ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಟ್ರಾನ್ಸ್‌ಫಾರ್ಮರ್‌ಗಳಿಗೆ ಹೋಗುವ ದೊಡ್ಡ ಲೈನಿನ ಮಟ್ಟದಲ್ಲಿ ಬರೆದುಕೊಳ್ಳುತ್ತಾರೆ. ಫೀಡರ್ ಚಾಲೂ ಇದ್ದು, ಟ್ರಾನ್ಸ್‌ಫಾರ್ಮರ್‌ನಿಂದ ಆಚೆ ತೋಟದ ನಡುವೆ ಅಡಿಕೆ ಮರ ಬಿದ್ದು ತಂತಿ ಹರಿದಿದ್ದರೆ ಆ ಮನೆಯ ಕತ್ತಲೆ ಲೆಕ್ಕಕ್ಕೇ ಬರದೆ ಹೋಗಬಹುದು. ಬಂದರೂ ಶಿವಮೊಗ್ಗ ಪೇಟೆಯ ಸಾವಿರಾರು ಮನೆಗಳ ಜೊತೆ ಸೇರಿಸಿ ಸರಾಸರಿ ತೆಗೆದಾಗ, ಆಗುಂಬೆ ಕಡೆಯ ಒಂಟಿ ಮನೆಯ ಮೂರು ದಿನ ಕೆಲವೇ ನಿಮಿಷವಾಗಿ ಬಿಡುತ್ತದೆ.

1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಹೊರತಂದ ನಾಗರಿಕ ವರದಿ ಕಾರ್ಡು, ಅಂದರೆ ಸರ್ಕಾರಿ ಸೇವೆಗಳಿಗೆ ಜನರೇ ಅಂಕ ಕೊಡುವ ಸಮೀಕ್ಷೆ, ಇದಕ್ಕಿಂತ ಜಾಣತನದ್ದು. ತೃಪ್ತಿಯಾಯಿತಾ ಎಂದು ಕೇಳಿ ಸುಮ್ಮನಾಗಲಿಲ್ಲ. ಕೆಲಸಕ್ಕೆ ಎಷ್ಟು ಸಲ ಅಲೆದಿರಿ, ಲಂಚ ಕೊಟ್ಟಿರಾ ಎಂದೂ ಕೇಳಿತು. ಅಲೆದ ಸಲಗಳನ್ನು ಎಣಿಸಬಹುದು, ಅಲ್ವಾ?

ಕರ್ನಾಟಕ ಸರ್ಕಾರದ 'ಸಕಾಲ' ಯೋಜನೆ 2012ರಲ್ಲಿ ಶುರುವಾದಾಗ ಇನ್ನೊಂದು ಕೆಲಸ ಮಾಡಿತು. ಯಾವ ಸೇವೆಗೆ ಎಷ್ಟು ದಿನ ಎಂದು ಮೊದಲೇ ಹೇಳಿಬಿಟ್ಟಿತು. ಅಂದರೆ ಅಜ್ಜನ ನಿರೀಕ್ಷೆಯೂ ಮೊಮ್ಮಗಳ ನಿರೀಕ್ಷೆಯೂ ಕಾಗದದ ಮೇಲಾದರೂ ಒಂದೇ ಆಯಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ನಮ್ಮ ಕಡೆ ಕೇಳಿದವರನ್ನು ನಾನಂತೂ ಕಂಡಿಲ್ಲ.