ಡ್ರೋನ್‌ಗೆ ಬಾಗಿಲು ತೆರೆಯಲು ಬರುವುದಿಲ್ಲ

ಡ್ರೋನ್ ಹಾರಾಟದ ತರಬೇತಿಗೆ ಬರುವ ಪೊಲೀಸ್ ಸಿಬ್ಬಂದಿಯಲ್ಲಿ ಒಬ್ಬರಾದರೂ ಮೊದಲ ದಿನವೇ ಕೇಳುವುದು, ಇದಕ್ಕೆ ಅಶ್ರುವಾಯು ಶೆಲ್ ಕಟ್ಟಬಹುದೇ ಎಂದು. ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಬಂದೂಕು ಹಿಡಿದವನೊಬ್ಬ ಕಟ್ಟಡದೊಳಗೆ ಸೇರಿಕೊಂಡು ಸಿಕ್ಕವರನ್ನು ಕೊಲ್ಲುತ್ತಿರುವಾಗ, ಒಬ್ಬ ಪೇದೆಯ ಪ್ರಾಣವನ್ನೂ ಪಣಕ್ಕಿಡದೆ, ಆ ಬಂದೂಕುಧಾರಿಯನ್ನೂ ಕೊಲ್ಲದೆ, ಯಂತ್ರವೊಂದು ಒಳನುಗ್ಗಿ ಅವನನ್ನು ಕೆಡವುತ್ತದೆ ಎಂದರೆ ಯಾರಿಗೆ ಬೇಡ? ಆದರೆ ಈ ಆಸೆ ಎಷ್ಟರ ಮಟ್ಟಿಗೆ ಈಡೇರುವಂಥದ್ದು ಎಂಬುದನ್ನು ಹಾರಾಟದ ಮೈದಾನದಲ್ಲಿ ನಿಂತು ನೋಡಿದರೆ ಲೆಕ್ಕ ಬೇರೆಯಾಗುತ್ತದೆ.

ಈ ಆಸೆಯನ್ನು ಬಹಿರಂಗ ಯೋಜನೆಯಾಗಿ ಮುಂದಿಟ್ಟದ್ದು, ವಿದ್ಯುತ್ ಆಘಾತ ಕೊಟ್ಟು ಮನುಷ್ಯನನ್ನು ಕೆಡವುವ ಟೇಸರ್ ಎಂಬ ಸಾಧನವನ್ನು ತಯಾರಿಸುವ ಅಮೆರಿಕದ ಆಕ್ಸನ್ ಕಂಪನಿ. 2022ರ ಮೇ 24ರಂದು ಟೆಕ್ಸಾಸ್ ರಾಜ್ಯದ ಯುವಾಲ್ಡೆ ಊರಿನ ರಾಬ್ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಗುಂಡೇಟಿಗೆ ಬಲಿಯಾದರು. ಒಂಬತ್ತು ದಿನಗಳ ನಂತರ, ಜೂನ್ 2ರಂದು, ಕಂಪನಿಯ ಮುಖ್ಯಸ್ಥ ರಿಕ್ ಸ್ಮಿತ್ ಅವರು ಶಾಲೆಗಳಲ್ಲಿ ಮೊದಲೇ ಅಳವಡಿಸಿಡಬಹುದಾದ, ದೂರದಿಂದ ನಿಯಂತ್ರಿಸುವ ಟೇಸರ್ ಡ್ರೋನ್‌ಗಳನ್ನು ತಯಾರಿಸುವುದಾಗಿ ಪ್ರಕಟಿಸಿದರು. ಕಂಪನಿಯೇ ನೇಮಿಸಿಕೊಂಡಿದ್ದ ನೀತಿ ಸಲಹಾ ಮಂಡಳಿಯು ಇಂಥ ಡ್ರೋನ್‌ನ ಸೀಮಿತ ಪ್ರಯೋಗವೂ ಬೇಡವೆಂದು ಅದಕ್ಕೆ ಮುಂಚೆಯೇ 8-4 ಮತಗಳಿಂದ ತಿಳಿಸಿತ್ತು. ಟೀಕೆ ಜೋರಾದಾಗ ಜೂನ್ 5ರಂದು ಯೋಜನೆಯನ್ನು ತಡೆಹಿಡಿಯಲಾಯಿತು. ಮರುದಿನ 12 ಸದಸ್ಯರ ಪೈಕಿ ಒಂಬತ್ತು ಮಂದಿ ರಾಜೀನಾಮೆ ಕೊಟ್ಟರು.

ನೀತಿಯ ಚರ್ಚೆಗಿಂತ ಮೊದಲು ಯಂತ್ರದ ಮಾತು. ಟೇಸರ್ ಹಾರಿಸುವುದು ತೆಳು ತಂತಿಗೆ ಕಟ್ಟಿದ ಸಣ್ಣ ಮುಳ್ಳುಗಳನ್ನು. ಕನಿಷ್ಠ ಎರಡು ಮುಳ್ಳುಗಳು ದೇಹಕ್ಕೆ ನಾಟಬೇಕು, ಅವುಗಳ ನಡುವೆ ಸುಮಾರು ಒಂದು ಅಡಿ ಅಂತರವಿರಬೇಕು. ಆಗ ಮಾತ್ರ ವಿದ್ಯುತ್ತು ಹರಿದು ಸ್ನಾಯುಗಳು ಬಿಗಿದು ಮನುಷ್ಯ ಕುಸಿಯುತ್ತಾನೆ. ದಪ್ಪ ಜಾಕೆಟ್ ತೊಟ್ಟವನಿಗೆ ಅಥವಾ ಓಡುತ್ತಿರುವವನಿಗೆ ನೆಲದ ಮೇಲೆ ಭದ್ರವಾಗಿ ನಿಂತ ಪೊಲೀಸರೇ ಗುರಿಯಿಟ್ಟರೂ ಇದು ಎಷ್ಟೋ ಸಲ ಕೈಕೊಡುತ್ತದೆ. ಹೀಗಿರುವಾಗ ಗಾಳಿಯಲ್ಲಿ ತೇಲುತ್ತ, ತನ್ನದೇ ರೆಕ್ಕೆಗಳ ಗಾಳಿ ಗೋಡೆಗೆ ಬಡಿದು ಹಿಂದಿರುಗುವುದರಿಂದ ಓಲಾಡುತ್ತಿರುವ ಡ್ರೋನ್ ಅದನ್ನು ಕರಾರುವಾಕ್ಕಾಗಿ ಮಾಡಬೇಕು. ಮುಳ್ಳು ನಾಟಿದ ಮೇಲೂ ತಂತಿ ಕಡಿಯದಂತೆ ಅಲ್ಲೇ ನಿಂತಿರಬೇಕು. ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ಐದು ಸೆಕೆಂಡು ವಿದ್ಯುತ್ತು ಹರಿಯುತ್ತದೆ. ಅದು ನಿಂತ ಕೂಡಲೇ ಬಿದ್ದವನು ಏಳಬಲ್ಲ, ಪಕ್ಕದಲ್ಲೇ ಬಿದ್ದ ಬಂದೂಕಿಗೆ ಕೈ ಚಾಚಬಲ್ಲ. ಅಷ್ಟರೊಳಗೆ ಅವನ ಕೈಗೆ ಬೇಡಿ ಹಾಕಲು ಮನುಷ್ಯರು ಒಳಗಿರಲೇಬೇಕು.

ಟೇಸರ್ ಬದಲು ಕಣ್ಣು-ಮೂಗು ಉರಿಸುವ ಪೆಪ್ಪರ್ ಸಿಡಿಸಿದರೆ ಗುರಿಯ ಕಷ್ಟ ಕಡಿಮೆಯಾಗುತ್ತದೆ, ಬೇರೆ ಕಷ್ಟ ಹುಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಡ್ರೋನ್ ಫ್ಯಾನಿನಂತೆಯೇ ಕೆಲಸ ಮಾಡುವುದರಿಂದ ಹೊಗೆ, ಪುಡಿ, ಹನಿ ಎಲ್ಲವನ್ನೂ ಮೂಲೆಮೂಲೆಗೆ ಹರಡುತ್ತದೆ, ಮೇಜಿನ ಕೆಳಗೆ ಅಡಗಿ ಕುಳಿತ ಮಕ್ಕಳ ತನಕ. ಟೆಕ್ಸಾಸ್‌ನ ಕ್ಯಾಂಪಸ್ ಗಾರ್ಡಿಯನ್ ಏಂಜಲ್ ಎಂಬ ಕಂಪನಿ ಈಗ ಶಾಲೆಗಳಿಗೆ ಇಂಥದೇ ಪೆಪ್ಪರ್ ಡ್ರೋನ್‌ಗಳನ್ನು ಮುಂದಿಟ್ಟಿದೆ. ದೂರದ ಕೇಂದ್ರದಲ್ಲಿ ಕುಳಿತ ಪೈಲಟ್‌ಗಳು 15 ಸೆಕೆಂಡಿನಲ್ಲಿ ದಾಳಿಕೋರನನ್ನು ತಲುಪುತ್ತಾರೆ ಎಂಬುದು ಅದರ ಹೇಳಿಕೆ. ಪೈಲಟ್ ನುರಿತವರಾದರೆ, ದಾರಿ ತೆರೆದಿದ್ದರೆ, ಇದು ಅಸಾಧ್ಯವೇನಲ್ಲ. ನನ್ನ ಸಂದೇಹವೆಲ್ಲ ಆ ಎರಡನೆಯ ಷರತ್ತಿನ ಮೇಲೆ.

ಯುವಾಲ್ಡೆಯಲ್ಲಿ ನಡೆದದ್ದನ್ನೇ ನೋಡಿ. ಟೆಕ್ಸಾಸ್ ಶಾಸನಸಭೆಯ ವರದಿಯ ಪ್ರಕಾರ ಅಲ್ಲಿಗೆ ಬಂದಿದ್ದ ಪೊಲೀಸರು ಮತ್ತಿತರ ಭದ್ರತಾ ಸಿಬ್ಬಂದಿ 376 ಮಂದಿ. ಅವರ ಬಳಿ ಬಂದೂಕು, ಗುರಾಣಿ ಎಲ್ಲವೂ ಇದ್ದವು. ಆದರೂ ಒಳನುಗ್ಗಿ ಗುಂಡು ಹಾರಿಸುತ್ತಿದ್ದ ಯುವಕನನ್ನು ಕೊಲ್ಲಲು 77 ನಿಮಿಷ ಹಿಡಿಯಿತು. ಯಾರ ಆದೇಶ ನಡೆಯಬೇಕು ಎಂಬುದು ಸ್ಪಷ್ಟವಿರಲಿಲ್ಲ. ದಾಳಿ ನಡೆಯುತ್ತಲೇ ಇದ್ದರೂ ಅದನ್ನು ಒಬ್ಬನೇ ಕೋಣೆಯೊಳಗೆ ಅವಿತುಕೊಂಡ ಪ್ರಕರಣವೆಂದು ಭಾವಿಸಿದರು. ತರಗತಿಯ ಬಾಗಿಲಿಗೆ ಬೀಗ ಬಿದ್ದಿದೆಯೆಂದು ನಂಬಿ ಕೀಲಿಕೈಗಾಗಿ ಕಾದರು, ನಿಜವಾಗಿ ಬೀಗ ಬಿದ್ದಿದೆಯೇ ಎಂದು ತಳ್ಳಿ ನೋಡಿದ ಕುರುಹೂ ಸಿಗಲಿಲ್ಲ. ಕಾರಿಡಾರಿನಲ್ಲಿ ಒಂದು ಟೇಸರ್ ಡ್ರೋನ್ ಇದ್ದಿದ್ದರೆ ಅದೂ ಆ ಬಾಗಿಲ ಮುಂದೆ ಬ್ಯಾಟರಿ ಖಾಲಿಯಾಗುವ ತನಕ, ಅಂದರೆ 20–30 ನಿಮಿಷ, ತೇಲುತ್ತಿರುತ್ತಿತ್ತು. ಬಾಗಿಲು ತೆರೆಯುವ ನಿರ್ಧಾರವನ್ನು ಯಾರಾದರೂ ಮನುಷ್ಯರೇ ತೆಗೆದುಕೊಳ್ಳಬೇಕಿತ್ತು.

ಹಾಗೆಂದು ಇಂಥ ತುರ್ತಿನಲ್ಲಿ ಡ್ರೋನ್ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಅದರ ಕಣ್ಣು ಮತ್ತು ದನಿ ಬಹಳ ಬೆಲೆಯುಳ್ಳವು. ಕ್ಯಾಲಿಫೋರ್ನಿಯಾದ ಚೂಲಾ ವಿಸ್ಟಾ ನಗರದ ಪೊಲೀಸರು 2018ರಿಂದ ತುರ್ತು ಕರೆ ಬಂದ ಕೂಡಲೇ ಠಾಣೆಯ ಛಾವಣಿಯಿಂದ ಡ್ರೋನ್ ಹಾರಿಸುತ್ತಿದ್ದಾರೆ. ವಾಹನ ತಲುಪುವ ಮುನ್ನವೇ ಸ್ಥಳದ ಚಿತ್ರ ಸಿಬ್ಬಂದಿಯ ಫೋನಿನಲ್ಲಿರುತ್ತದೆ. ಕೈಯಲ್ಲಿರುವುದು ಪಿಸ್ತೂಲೋ ಬೇರೆ ಯಾವುದೋ ವಸ್ತುವೋ ಎಂಬುದು ಮೊದಲೇ ತಿಳಿದರೆ ಎಷ್ಟೋ ಗುಂಡುಗಳು ಹಾರುವುದೇ ಇಲ್ಲ. ಕಟ್ಟಡದೊಳಕ್ಕೆ ಹೋಗುವ ಸಣ್ಣ ಡ್ರೋನ್‌ಗಳಲ್ಲಿ ಮೈಕು, ಸ್ಪೀಕರು ಇದ್ದರೆ ಒತ್ತೆಯಾಳುಗಳನ್ನು ಹಿಡಿದವನೊಡನೆ ಮಾತುಕತೆಯನ್ನೂ ನಡೆಸಬಹುದು. ನಮ್ಮ ಮನೆಗಳೊಳಗೆ ಹಾರಿಸುವುದು ಮಾತ್ರ ಬೇರೆಯೇ ವಿದ್ಯೆ ಎನ್ನಬೇಕು: ತಿರುಗುವ ಸೀಲಿಂಗ್ ಫ್ಯಾನು, ಕಿಟಕಿಯ ಸರಳು, ರೆಕ್ಕೆಗೆ ಸುತ್ತಿಕೊಳ್ಳುವ ಬಾಗಿಲ ಪರದೆ, ಒಣಗಲು ಹಾಕಿದ ಸೀರೆ, ಕಾಂಕ್ರೀಟು ಗೋಡೆಯ ಹಿಂದೆ ಕ್ಷೀಣಿಸುವ ಸಿಗ್ನಲ್, ಒಳಗೆ ಕಾಲಿಟ್ಟೊಡನೆ ಕೈಬಿಡುವ ಜಿಪಿಎಸ್. ಮೈದಾನದಲ್ಲಿ ಚೆನ್ನಾಗಿ ಹಾರಿಸುವವರೂ ಎರಡು ಕೋಣೆಗಳ ಮನೆಯಲ್ಲಿ ಬೆವರುತ್ತಾರೆ.

ಶಸ್ತ್ರ ಕಟ್ಟಿದೊಡನೆ ಕಾನೂನಿನ ತಳಹದಿಯೂ ಸ್ವಲ್ಪ ಅಲುಗುತ್ತದೆ. ಪೊಲೀಸರು ಬಲಪ್ರಯೋಗಕ್ಕೆ ಕೊಡುವ ಸಮರ್ಥನೆಗಳಲ್ಲಿ ದೊಡ್ಡದು ಆತ್ಮರಕ್ಷಣೆ; ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಈ ಹಕ್ಕನ್ನೂ ಅದರ ಮಿತಿಯನ್ನೂ ಹೇಳುತ್ತವೆ. ಅರ್ಧ ಕಿಲೋಮೀಟರು ದೂರದ ಜೀಪಿನಲ್ಲಿ ಕುಳಿತ ಪೈಲಟ್‌ಗೆ ತನ್ನ ಪ್ರಾಣಭಯವೆಂಬ ಕಾರಣ ಉಳಿದಿರುವುದಿಲ್ಲ. ಬೇರೊಬ್ಬರ ಪ್ರಾಣ ಆ ಕ್ಷಣದಲ್ಲಿ ಅಪಾಯದಲ್ಲಿತ್ತು ಎಂಬುದನ್ನು, ಅದೂ ಒಂದು ಕೈಯಗಲದ ತೆರೆಯಲ್ಲಿ ಕಂಡ ಚಿತ್ರದ ಆಧಾರದ ಮೇಲೆ, ಅವರು ತೋರಿಸಿಕೊಡಬೇಕು. ತನಗೆ ಅಪಾಯವಿಲ್ಲದಿರುವುದರಿಂದ ಕಾಯುವ ಅವಕಾಶ ಹೆಚ್ಚಬೇಕು. ಆದರೆ ಅನುಭವದಲ್ಲಿ ಗುಂಡಿ ಒತ್ತುವುದು ಹಗುರವಾಗುವ ಸಂಭವವೇ ಹೆಚ್ಚೆಂದು ನನಗೆ ತೋರುತ್ತದೆ. 2016ರ ಜುಲೈನಲ್ಲಿ ಡಲ್ಲಾಸ್ ನಗರದಲ್ಲಿ ಐವರು ಪೊಲೀಸರನ್ನು ಕೊಂದವನನ್ನು ಬಾಂಬ್ ನಿಷ್ಕ್ರಿಯಗೊಳಿಸಲೆಂದು ಇಟ್ಟಿದ್ದ ರೋಬೋಟಿಗೆ ಸ್ಫೋಟಕ ಕಟ್ಟಿ ಕಳುಹಿಸಿ ಕೊಲ್ಲಲಾಯಿತು. ಪ್ರಾಣ ಉಳಿಸಲು ಕೊಂಡ ಉಪಕರಣದ ಕೆಲಸ ಒಂದೇ ರಾತ್ರಿಯಲ್ಲಿ ಬದಲಾಯಿತು.

ಉದ್ದೇಶ ಬದಲಾಗುವ ಇನ್ನೊಂದು ದಾರಿ ಭಾರತೀಯರಾದ ನಮಗೆ ಹೆಚ್ಚು ಹತ್ತಿರದ್ದು. ನಮ್ಮಲ್ಲಿ ಅಶ್ರುವಾಯು ಡ್ರೋನ್ ಬಂದದ್ದು ಬಂದೂಕುಧಾರಿಯ ಮೇಲಲ್ಲ, ಜನಜಂಗುಳಿಯ ಮೇಲೆ. ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿರುವ ಗಡಿ ಭದ್ರತಾ ಪಡೆಯ ಅಶ್ರುವಾಯು ಘಟಕವು ಡ್ರೋನಿನಿಂದ ಶೆಲ್ ಬೀಳಿಸುವ ಸಾಧನವನ್ನು ರೂಪಿಸಿ 2022ರಲ್ಲಿ ಪರೀಕ್ಷಿಸಿತು. 2024ರ ಫೆಬ್ರವರಿ 13ರಂದು ಹರಿಯಾಣ ಪೊಲೀಸರು ಪಂಜಾಬ್–ಹರಿಯಾಣ ನಡುವಿನ ಶಂಭು ಗಡಿಯಲ್ಲಿ ದೆಹಲಿಗೆ ಹೊರಟಿದ್ದ ರೈತರ ಮೇಲೆ ಡ್ರೋನಿನಿಂದ ಶೆಲ್‌ಗಳನ್ನು ಬೀಳಿಸಿದರು. ಪಂಜಾಬಿನ ನೆಲದ ಮೇಲೆ ಡ್ರೋನ್ ಕಳುಹಿಸಬೇಡಿ ಎಂದು ಪಟಿಯಾಲ ಜಿಲ್ಲಾಧಿಕಾರಿಯವರು ಹರಿಯಾಣದ ಅಂಬಾಲ ಜಿಲ್ಲಾಧಿಕಾರಿಯವರಿಗೆ ಬರೆದರು. ರೈತ ಯುವಕರು ಗಾಳಿಪಟ ಹಾರಿಸಿ ದಾರಕ್ಕೆ ಡ್ರೋನ್ ಸಿಕ್ಕಿಸಲು ನೋಡಿದರು. ಹಾರಾಟದ ದೃಷ್ಟಿಯಿಂದ ಹೇಳುವುದಾದರೆ ಅದು ಜಾಣ ಉಪಾಯವೇ, ಆದರೆ ಜನರ ನೆತ್ತಿಯ ಮೇಲೆ ಉರುಳುವ ಡ್ರೋನ್ ಶೆಲ್‌ಗಿಂತ ದೊಡ್ಡ ಅಪಾಯ.

ಮೇಲಿನಿಂದ ಬೀಳುವ ಶೆಲ್‌ನ ಲೆಕ್ಕ ಸರಳ. 50 ಮೀಟರ್ ಎತ್ತರದಿಂದ ಬಿಟ್ಟ ವಸ್ತು, ಗಾಳಿಯ ತಡೆಯನ್ನು ಬದಿಗಿಟ್ಟರೆ, ಮೂರು ಸೆಕೆಂಡಿಗೂ ಸ್ವಲ್ಪ ಹೆಚ್ಚು ಸಮಯದಲ್ಲಿ ಗಂಟೆಗೆ 110 ಕಿಲೋಮೀಟರ್ ದಾಟಿದ ವೇಗದಲ್ಲಿ ನೆಲ ಮುಟ್ಟುತ್ತದೆ. ಬಿಟ್ಟಾಗ ಖಾಲಿಯಿದ್ದ ಜಾಗಕ್ಕೆ ಆ ಮೂರು ಸೆಕೆಂಡಿನಲ್ಲಿ ಯಾರಾದರೂ ಓಡಿ ಬಂದಿರಬಹುದು. ನೆಲದಿಂದ ಹಾರಿಸುವ ಶೆಲ್ ಗುಂಪಿನ ಅಂಚಿನಲ್ಲಿ ಬಿದ್ದು ಜನರನ್ನು ಹಿಂದಕ್ಕೆ ತಳ್ಳಬಹುದು. ಡ್ರೋನಿನದು ಗುಂಪಿನ ನಡುವೆಯೂ ಬೀಳಬಲ್ಲದು, ಆಗ ಜನ ಯಾವ ಕಡೆಗೆ ಓಡಬೇಕು?

ಕರ್ನಾಟಕದಲ್ಲಿ ಇಂಥ ಡ್ರೋನ್‌ಗಳನ್ನು ಕೊಳ್ಳುವ ಮಾತು ಬಂದಾಗ ಟೆಂಡರಿಗಿಂತ ಮೊದಲು ಲಿಖಿತ ಆದೇಶ ಸಿದ್ಧವಾಗಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮಿನ ಪ್ರಕಾರ ಗುಂಪಿಗೆ ಮೊದಲು ಚದುರುವಂತೆ ಆಜ್ಞೆ ಕೊಡಬೇಕು. ಕೊಡುವವರು ದಂಡಾಧಿಕಾರಿ, ಠಾಣಾಧಿಕಾರಿ, ಅವರಿಲ್ಲದಿದ್ದರೆ ಪಿಎಸ್‌ಐ ದರ್ಜೆಗಿಂತ ಕೆಳಗಲ್ಲದ ಅಧಿಕಾರಿ. ಆ ಆಜ್ಞೆ ಮೈಕಿನಲ್ಲಿ ಕೇಳಿತೇ, ಅನಂತರ ಎಷ್ಟು ಹೊತ್ತು ಕಾದರು, ಶೆಲ್ ಬಿಡಲು ಹೇಳಿದವರು ಯಾರು ಎಂಬುದೆಲ್ಲ ದಾಖಲಾಗಬೇಕು, ಪೈಲಟ್‌ನ ವಿವೇಚನೆಗೆ ಬಿಡಬಾರದು. ಪೈಲಟ್ ಮತ್ತು ಆದೇಶ ಕೊಡುವ ಅಧಿಕಾರಿ ಒಂದೇ ತೆರೆಯನ್ನು ನೋಡುತ್ತಿರಬೇಕು. ಪ್ರತಿ ಹಾರಾಟದ ಲಾಗ್ ಯಂತ್ರದಲ್ಲೇ ಉಳಿಯುತ್ತದೆ: ಎತ್ತರ, ವೇಗ, ಗುಂಡಿ ಒತ್ತಿದ ಸೆಕೆಂಡು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಅದು ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ನಮೂದಿಸಿದ ಪ್ರಮಾಣಪತ್ರ ಬೇಕು. ಆದ್ದರಿಂದ ಡ್ರೋನ್ ಇಳಿದ ಕೂಡಲೇ, ಮುಂದಿನ ಹಾರಾಟಕ್ಕೆ ಬ್ಯಾಟರಿ ಬದಲಿಸುವ ಮೊದಲೇ, ಹಾರಾಟದಲ್ಲಿ ಪಾಲ್ಗೊಳ್ಳದ ಅಧಿಕಾರಿಯೊಬ್ಬರು ಲಾಗನ್ನೂ ವಿಡಿಯೊವನ್ನೂ ಪ್ರತಿ ಮಾಡಿಕೊಂಡು ಸೀಲು ಮಾಡುವ ವ್ಯವಸ್ಥೆ ಆ ಆದೇಶದಲ್ಲೇ ಇರಬೇಕು.