ಹುಂಡಿ ಒಡೆದ ಮೇಲೆ: ಟ್ರೆಷರ್ ಟೋಕನ್ ಲೆಕ್ಕ

ಶುಕ್ರವಾರ ಸಂಜೆ. ಬೆಂಗಳೂರಿನ ಒಂದು ಅಂಗಡಿಯ ಮಹಡಿಯಲ್ಲಿ 'ಮ್ಯಾಜಿಕ್: ದಿ ಗ್ಯಾದರಿಂಗ್' ಅನ್ನುವ ಕಾರ್ಡ್ ಆಟದ ಪಂದ್ಯ ನಡೆಯುತ್ತಿತ್ತು. ಮೂಲೆಯ ಟೇಬಲ್‌ನಲ್ಲಿ ಒಂದು ಕೈ ಮೇಲೆದ್ದಿತು. "ಜಡ್ಜ್!" ಹೋಗಿ ನೋಡಿದರೆ ಪಿಯುಸಿ ಓದುವ ಹುಡುಗನೊಬ್ಬ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಮೂರು ಟ್ರೆಷರ್ (ಒಂದು ಸಲ ಒಡೆದು ಖರ್ಚು ಮಾಡುವ ಟೋಕನ್) ಖರ್ಚು ಮಾಡಿ ದೊಡ್ಡ ಸ್ಪೆಲ್ ಹಾಕಿದ್ದ, ಅಂದರೆ ಬೆಲೆ ಕೊಟ್ಟು ಒಂದು ಕಾರ್ಡ್ ಆಡಿದ್ದ. ಎದುರಿನವರು ಅದನ್ನು ಕೌಂಟರ್ ಮಾಡಿದ್ದರು, ಅಂದರೆ ನಡೆಯುವ ಮೊದಲೇ ರದ್ದು ಮಾಡಿದ್ದರು.

"ಸರ್, ಸ್ಪೆಲ್ ನಡೀಲೇ ಇಲ್ಲ ಅಲ್ವಾ? ಹಾಗಾದ್ರೆ ನನ್ನ ಟ್ರೆಷರ್ ವಾಪಸ್ ಬರಬೇಕಲ್ವಾ?"

"ಬರಲ್ಲ ಕಣಪ್ಪ."

"ಯಾಕೆ ಸರ್?"

ಗಡಿಯಾರ ಓಡುವಾಗ ಈ 'ಯಾಕೆ'ಗೆ ಸರಿಯಾಗಿ ಉತ್ತರ ಕೊಡಲು ಆಗುವುದಿಲ್ಲ. ಅವತ್ತು ಅವನಿಗೆ ಒಂದೇ ಮಾತು ಹೇಳಿದೆ. ಜಾತ್ರೆಗೆ ಅಂತ ಮಣ್ಣಿನ ಹುಂಡಿ ಒಡೆದೆ. ಜಾತ್ರೆಗೆ ಹೋದರೆ ಮಳೆ ಬಂತು, ಏನೂ ಸಿಗಲಿಲ್ಲ. ಮನೆಗೆ ಬಂದಾಗ ಹುಂಡಿ ಮತ್ತೆ ಕೂಡಿಕೊಂಡಿರುತ್ತದಾ? ಹುಡುಗ ನಕ್ಕ, ಆದರೆ ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಅವನಿಗೆ ಹೇಳಲು ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟೋಕನ್ ಅಂದರೆ ನಿಮ್ಮ ಡೆಕ್‌ನಿಂದ ಬಂದ ಕಾರ್ಡ್ ಅಲ್ಲ. ಆಟದ ಮಧ್ಯೆ ಇನ್ನೊಂದು ಕಾರ್ಡ್ ಹುಟ್ಟಿಸಿದ ವಸ್ತು. ಹಳೆಯ ಟೋಕನ್‌ಗಳು ಹೆಚ್ಚಾಗಿ ಪ್ರಾಣಿಗಳು, ಸೈನಿಕರು, ಗಾಬ್ಲಿನ್‌ಗಳು. ಆಮೇಲೆ ಖರ್ಚಿಗೆ ಅಂತಲೇ ಇರುವ ಸಣ್ಣ ವಸ್ತುಗಳು ಬಂದವು. 2014ರಲ್ಲಿ 'ಗೋಲ್ಡ್' ಬಂತು. 2016ರಲ್ಲಿ 'ಕ್ಲೂ': ಎರಡು ಮಾನಾ (ಕಾರ್ಡ್ ಆಡಲು ಕೊಡುವ ಶಕ್ತಿ, ಆಟದ ದುಡ್ಡು ಅನ್ನಿ) ಕೊಟ್ಟು ಒಡೆದರೆ ಒಂದು ಕಾರ್ಡ್. 2017ರಲ್ಲಿ 'ಇಕ್ಸಲಾನ್' ಸೆಟ್ ಬಂದಾಗ ಅದರ ಕಡಲ್ಗಳ್ಳರ ಜೊತೆ 'ಟ್ರೆಷರ್' ಬಂತು. 2019ರಲ್ಲಿ 'ಫುಡ್'. ಇವುಗಳಲ್ಲಿ ಟ್ರೆಷರ್‌ನಷ್ಟು ಎಲ್ಲ ಕಡೆ ಹಬ್ಬಿದ್ದು ಬೇರೊಂದಿಲ್ಲ ಅಂತ ನನ್ನ ಅನಿಸಿಕೆ. ಈಗ ಯಾವ ಬಣ್ಣದ ಡೆಕ್ ತೆಗೆದರೂ ಎಲ್ಲೋ ಒಂದು ಕಡೆ 'ಟ್ರೆಷರ್ ಮಾಡು' ಅನ್ನುವ ಸಾಲು ಕಾಣುತ್ತದೆ.

ಯಾವ ಕಾರ್ಡ್ ಹುಟ್ಟಿಸಿದರೂ ಟ್ರೆಷರ್ ಒಂದೇ ಥರ. ನಿಯಮ ಪುಸ್ತಕದ 111ನೇ ಅಧ್ಯಾಯದಲ್ಲಿ ಅದರ ರೂಪ ಬರೆದಿಟ್ಟಿದ್ದಾರೆ. ಬಣ್ಣವಿಲ್ಲದ ಆರ್ಟಿಫ್ಯಾಕ್ಟ್ (ಆಟದಲ್ಲಿ ಸಾಧನ, ಯಂತ್ರದಂಥ ವಸ್ತುಗಳ ವರ್ಗ). ಅದನ್ನು ಟ್ಯಾಪ್ ಮಾಡಿ (ಬಳಸಿದ ಗುರುತಿಗೆ ಅಡ್ಡ ತಿರುಗಿಸಿ), ಬಲಿ ಕೊಟ್ಟರೆ, ಅಂದರೆ ಒಡೆದರೆ, ನಿಮಗೆ ಬೇಕಾದ ಬಣ್ಣದ ಒಂದು ಮಾನಾ. ಇಷ್ಟೇ.

ಆ ಸಾಲಿನ ನಡುವೆ ಒಂದು ಕೋಲನ್ ಇದೆ, ಎರಡು ಚುಕ್ಕಿ. ಮ್ಯಾಜಿಕ್ ಕಾರ್ಡ್ ಓದುವವರು ಮೊದಲು ಆ ಎರಡು ಚುಕ್ಕಿ ಹುಡುಕಬೇಕು. ಚುಕ್ಕಿಯ ಎಡಗಡೆ ಇರುವುದೆಲ್ಲ ಬೆಲೆ. ಬಲಗಡೆ ಇರುವುದು ಫಲ. ಟ್ರೆಷರ್‌ನ ಸಾಲಿನಲ್ಲಿ ಬಲಿ ಕೊಡುವುದು ಎಡಗಡೆ ಇದೆ. ಅಂದರೆ ಅದು ಬೆಲೆ. ಬೆಲೆ ಕೊಟ್ಟಾಗಿದೆ, ಮಾನಾ ಬಂದಾಗಿದೆ, ಆ ಮಾನಾ ಸ್ಪೆಲ್‌ಗೆ ಹೋಗಿದೆ. ಸ್ಪೆಲ್ ಆಮೇಲೆ ಬಿದ್ದುಹೋದರೆ ಅದು ಬೇರೆ ಕಥೆ. ಆ ಹುಡುಗನ ಪ್ರಶ್ನೆಗೆ ಉತ್ತರ ಇದು.

ಇದರ ಇನ್ನೊಂದು ಮುಖವೂ ಇದೆ. ಟ್ರೆಷರ್ ಒಡೆಯುವುದು ಮಾನಾ ಎಬಿಲಿಟಿ, ಅಂದರೆ ಮಾನಾ ಕೊಡುವ ಸಾಮರ್ಥ್ಯ. ಅದು ಸ್ಟ್ಯಾಕ್‌ಗೆ, ಅಂದರೆ ಹಾಕಿದ ಸ್ಪೆಲ್‌ಗಳು ನಡೆಯಲು ಕಾಯುವ ಸಾಲಿಗೆ, ಹೋಗುವುದಿಲ್ಲ. "ನೀನು ಒಡೀತಿದೀಯಾ? ತಾಳು, ಅದಕ್ಕೆ ಮುಂಚೆ ನಾನು ಆ ಟ್ರೆಷರ್ ನಾಶ ಮಾಡ್ತೀನಿ" ಅಂತ ಎದುರಾಳಿ ಹೇಳುವ ಹಾಗಿಲ್ಲ. ಮಧ್ಯೆ ಬಾಯಿ ಹಾಕಲು ಜಾಗವೇ ಇಲ್ಲ. ಎದುರಾಳಿ ತಾನಾಗಿ ಮೊದಲು ಟ್ರೆಷರ್ ಮೇಲೆ ಸ್ಪೆಲ್ ಹಾಕಬಹುದು. ಆದರೆ ಆ ಸ್ಪೆಲ್ ಸ್ಟ್ಯಾಕ್ ಮೇಲಿರುವಾಗಲೇ ನೀವು ಟ್ರೆಷರ್ ಒಡೆದುಕೊಳ್ಳಬಹುದು. ಹೊಡೆಯಲು ಬಂದವರ ಕೈಗೆ ಖಾಲಿ ಜಾಗ ಸಿಗುತ್ತದೆ.

ಹಾಗಂತ ನಿಮಗೆ ಲಾಭವೇ ಆಯಿತು ಅಂತಲೂ ಅಲ್ಲ. ಬಂದ ಮಾನಾ ಜೇಬಿನಲ್ಲಿ ಉಳಿಯುವುದಿಲ್ಲ. ಟರ್ನ್‌ನ ಆ ಹಂತ (ಸ್ಟೆಪ್ ಅಥವಾ ಫೇಸ್) ಮುಗಿದರೆ ಮಾಯ. ಆ ಹೊತ್ತಿಗೆ ಹಾಕಲು ಕೈಯಲ್ಲಿ ಒಂದು ಇನ್‌ಸ್ಟಂಟ್ (ಎದುರಾಳಿಯ ಟರ್ನ್‌ನಲ್ಲೂ ಹಾಕಬಹುದಾದ ಸ್ಪೆಲ್) ಇರಬೇಕು, ಇಲ್ಲದಿದ್ದರೆ ಸುಮ್ನೆ ಒಡೆದ ಹಾಗೆ. (2009ರ ತನಕ ಹೀಗೆ ಉಳಿದ ಮಾನಾಗೆ ನಿಮ್ಮ ಲೈಫ್ ಕೂಡ ಕಡಿಮೆಯಾಗುತ್ತಿತ್ತು. ಆ ನಿಯಮ ಹೋಗಿದ್ದು ಒಳ್ಳೆಯದೇ ಆಯಿತು.)

ಮಾನಾ ಎಬಿಲಿಟಿ ಅನ್ನುವ ಈ ಹಣೆಪಟ್ಟಿಯಿಂದ ಇನ್ನೊಂದು ಗೊಂದಲ ಹುಟ್ಟುತ್ತದೆ. 'ಪಿಥಿಂಗ್ ನೀಡಲ್' ಅಂತ ಒಂದು ಕಾರ್ಡ್ ಇದೆ. ಒಂದು ಹೆಸರು ಹೇಳಿದರೆ ಆ ಹೆಸರಿನ ವಸ್ತುವಿನ ಎಬಿಲಿಟಿಗಳನ್ನು ಬಂದ್ ಮಾಡುತ್ತದೆ. ಒಬ್ಬರು ಬಹಳ ಹುಮ್ಮಸ್ಸಿನಿಂದ ಅದನ್ನು ಟೇಬಲ್ ಮೇಲಿಟ್ಟು "ಟ್ರೆಷರ್!" ಅಂದರು. ಎರಡು ಕಡೆ ಎಡವಿದರು. ನೀಡಲ್‌ಗೆ ಕಾರ್ಡ್‌ನ ಹೆಸರು ಹೇಳಬೇಕು, ಬರೀ ಟೋಕನ್‌ನ ಹೆಸರು ನಡೆಯುವುದಿಲ್ಲ. ಹೇಳಬಹುದಿತ್ತು ಅಂದುಕೊಂಡರೂ, ಮಾನಾ ಎಬಿಲಿಟಿಗಳನ್ನು ಮುಟ್ಟುವುದಿಲ್ಲ ಅಂತ ನೀಡಲ್‌ನ ಮೇಲೇ ಬರೆದಿದೆ. ಟ್ರೆಷರ್ ತಡೆಯಲು 'ಸ್ಟೋನಿ ಸೈಲೆನ್ಸ್' ಥರದ್ದು ಬೇಕು. ಅದು ಆರ್ಟಿಫ್ಯಾಕ್ಟ್‌ಗಳ ಬಾಯಿಗೆ ಬೀಗ ಹಾಕುತ್ತದೆ, ಮಾನಾ ಎಬಿಲಿಟಿಗೂ ವಿನಾಯಿತಿ ಇಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಇದು ಗೊತ್ತಿಲ್ಲದೆ ಗೆಲ್ಲುವ ಆಟ ಸೋತವರನ್ನು ನೋಡಿದ್ದೇನೆ.

'ಥಾಟ್ ಮಾನಿಟರ್' ಅಂತ ಒಂದು ಕಾರ್ಡ್. ಪೂರ್ತಿ ಬೆಲೆ ಏಳು: ಯಾವುದಾದರೂ ಆರು ಮಾನಾ, ಜೊತೆಗೆ ಒಂದು ನೀಲಿ. ಆದರೆ ಅದಕ್ಕೆ 'ಅಫಿನಿಟಿ' ಇದೆ. ನಿಮ್ಮ ಹತ್ತಿರ ಎಷ್ಟು ಆರ್ಟಿಫ್ಯಾಕ್ಟ್ ಇದೆಯೋ ಅಷ್ಟು ಮಾನಾ ಕಡಿಮೆ. ನಿಮ್ಮ ಲ್ಯಾಂಡ್ (ಮಾನಾ ಕೊಡುವ ಕಾರ್ಡ್) ಎಲ್ಲ ಖರ್ಚಾಗಿದೆ ಅಂದುಕೊಳ್ಳಿ. ಉಳಿದಿರುವುದು ನಾಲ್ಕು ಟ್ರೆಷರ್ ಮಾತ್ರ. ಥಾಟ್ ಮಾನಿಟರ್ ಹಾಕಬಹುದಾ?

ಹಾಕಬಹುದು. ಹಾಕಿದ ಮೇಲೆ ಒಂದು ಟ್ರೆಷರ್ ಉಳಿಯುತ್ತದೆ ಕೂಡ.

ದರ್ಶಿನಿಯಲ್ಲಿ ಮೊದಲು ಬಿಲ್, ಆಮೇಲೆ ದುಡ್ಡು. ಇಲ್ಲೂ ಹಾಗೆಯೇ. ಮೊದಲು ಕಾರ್ಡ್ ಕೆಳಗಿಟ್ಟು ಘೋಷಿಸುತ್ತೀರಿ. ಆಗ ಬೆಲೆ ಲೆಕ್ಕ ಹಾಕುತ್ತಾರೆ. ಏಳರಲ್ಲಿ ನಾಲ್ಕು ಹೋಯಿತು, ಉಳಿದದ್ದು ಮೂರು. ಬಿಲ್ ಬಂತು, ಇನ್ನು ಅದು ಬದಲಾಗುವುದಿಲ್ಲ. ಅದಾದ ಮೇಲೆ ಮಾನಾ ಮಾಡುವ ಅವಕಾಶ. ಮೂರು ಟ್ರೆಷರ್ ಒಡೆದು, ಅದರಲ್ಲಿ ಒಂದನ್ನು ನೀಲಿ ಮಾಡಿ, ಬಿಲ್ ಕಟ್ಟುತ್ತೀರಿ. ರಿಯಾಯಿತಿ ಕೊಟ್ಟಿದ್ದೂ ಅದೇ ಟ್ರೆಷರ್, ದುಡ್ಡು ಕೊಟ್ಟಿದ್ದೂ ಅದೇ ಟ್ರೆಷರ್. ಮೋಸದ ಥರ ಕಾಣುತ್ತದೆ, ಆದರೆ ಪಕ್ಕಾ ನಿಯಮ.

ಈಗ ಇದನ್ನೇ ಉಲ್ಟಾ ಮಾಡಿ ನೋಡಿ. ಮೊದಲು ಮೂರು ಟ್ರೆಷರ್ ಒಡೆದಿರಿ. ಮೂರು ಮಾನಾ ಬಂತು. ಆಮೇಲೆ ಕಾರ್ಡ್ ತೋರಿಸಿದಿರಿ. ಈಗ ನಿಮ್ಮ ಹತ್ತಿರ ಉಳಿದಿರುವ ಆರ್ಟಿಫ್ಯಾಕ್ಟ್ ಒಂದೇ. ಬೆಲೆ ಆರು. ಕೈಯಲ್ಲಿರುವುದು ಮೂರು, ಉಳಿದ ಒಂದನ್ನೂ ಒಡೆದರೆ ನಾಲ್ಕು. ಆಗಲಿಲ್ಲ. ಅದೇ ನಾಲ್ಕು ಟ್ರೆಷರ್, ಅದೇ ಕಾರ್ಡ್.

ಪಂದ್ಯದಲ್ಲಿ ನಾನು ಇದನ್ನು ಹೇಗೆ ನೋಡುತ್ತೇನೆ ಅಂತ ಕೇಳುವವರಿದ್ದಾರೆ. ಒಂದೇ ಉಸಿರಿನಲ್ಲಿ ಟೋಕನ್ ಸರಿಸಿ, ಕಾರ್ಡ್ ಇಟ್ಟು, "ಮಾನಿಟರ್" ಅಂದರೆ ನಾನು ತಕರಾರು ಮಾಡುವುದಿಲ್ಲ. ಕೈ ಹಿಂದು ಮುಂದಾಗುವುದು ಎಲ್ಲರಿಗೂ ಸಹಜ, ಕೊನೆಗೆ ಆದದ್ದು ನಿಯಮಕ್ಕೆ ಸರಿಯಾಗಿದ್ದರೆ ಸಾಕು. ಆದರೆ ಮೂರು ಟ್ರೆಷರ್ ಪಕ್ಕಕ್ಕಿಟ್ಟು, "ಮೂರು ಮಾನಾ" ಅಂತ ಹೇಳಿ, ಕೈಯಲ್ಲಿರುವ ಕಾರ್ಡ್‌ಗಳನ್ನು ಅರ್ಧ ನಿಮಿಷ ನೋಡಿ, ಆಮೇಲೆ ಮಾನಿಟರ್ ತೆಗೆದರೆ? ಆಗ ಒಡೆದದ್ದು ಒಡೆದದ್ದೇ.

ಇದೇ ತರ್ಕ ಹಿಡಿದು ಕೆಲವರು ಅತಿ ಬುದ್ಧಿವಂತಿಕೆಗೆ ಇಳಿಯುತ್ತಾರೆ. 'ಡೆಡ್ಲಿ ಡಿಸ್ಪ್ಯೂಟ್' ಕಾರ್ಡ್‌ಗೆ ಎರಡು ಮಾನಾ ಬೇಕು, ಜೊತೆಗೆ ಒಂದು ಆರ್ಟಿಫ್ಯಾಕ್ಟ್ ಅಥವಾ ಕ್ರೀಚರ್ (ಜೀವಿ) ಬಲಿ ಕೊಡಬೇಕು. ಬದಲಿಗೆ ಎರಡು ಕಾರ್ಡ್ ಸಿಗುತ್ತದೆ, ಮೇಲೆ ಒಂದು ಹೊಸ ಟ್ರೆಷರ್. ಒಬ್ಬರ ಹತ್ತಿರ ಒಂದು ಸ್ವಾಂಪ್ (ಒಂದು ಬಗೆಯ ಲ್ಯಾಂಡ್), ಒಂದು ಟ್ರೆಷರ್ ಇತ್ತು. "ಸ್ವಾಂಪ್‌ನಿಂದ ಒಂದು, ಟ್ರೆಷರ್ ಸ್ಯಾಕ್ (ಬಲಿ) ಮಾಡಿ ಇನ್ನೊಂದು. ಸ್ಯಾಕ್ ಮಾಡಿದ್ನಲ್ಲ, ಬಲಿ ಲೆಕ್ಕವೂ ಮುಗೀತು" ಅಂದರು. ಮುಗಿಯಲಿಲ್ಲ. ಅಫಿನಿಟಿ ಬರೀ ಎಣಿಸುತ್ತದೆ, ಎಣಿಸಿದ್ದನ್ನು ಮತ್ತೆ ಖರ್ಚು ಮಾಡಬಹುದು. ಇಲ್ಲಿ ಎರಡು ಬೆಲೆಗಳಿವೆ, ಒಂದು ಹುಂಡಿಯನ್ನು ಎರಡು ಸಲ ಒಡೆಯಲು ಆಗದು. ಆದರೆ ಡಿಸ್ಪ್ಯೂಟ್‌ಗೆ ಬಲಿ ಕೊಡುವ ಟ್ರೆಷರ್ ಟ್ಯಾಪ್ ಆಗಿದ್ದರೂ ನಡೆಯುತ್ತದೆ. ಟ್ಯಾಪ್ ಬೇಕಿರುವುದು ಟ್ರೆಷರ್‌ನ ಸ್ವಂತ ಎಬಿಲಿಟಿಗೆ ಮಾತ್ರ. 'ಇಂಪ್ರೊವೈಸ್' ಇರುವ ಸ್ಪೆಲ್‌ಗೆ ಟ್ರೆಷರ್ ಅನ್ನು ಬರೀ ಟ್ಯಾಪ್ ಮಾಡಿ ಒಂದು ಮಾನಾದ ಕೆಲಸ ತೆಗೆದು, ಆಮೇಲೆ ಅದೇ ಟ್ರೆಷರ್ ಅನ್ನು ಡಿಸ್ಪ್ಯೂಟ್‌ಗೆ ಬಲಿ ಕೊಡಬಹುದು. ಇದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಟ್ಯಾಪ್ ವಿಷಯ ಬಂತಲ್ಲ, ಗೋಲ್ಡ್ ಮತ್ತು ಟ್ರೆಷರ್ ನಡುವಿನ ವ್ಯತ್ಯಾಸವೂ ಅಷ್ಟೇ. ಗೋಲ್ಡ್ ಒಡೆಯಲು ಟ್ಯಾಪ್ ಬೇಡ. ಟ್ರೆಷರ್‌ಗೆ ಬೇಕು. ಈ ಸಣ್ಣ ಷರತ್ತು ಸೇರಿಸಿದ್ದರಿಂದಲೇ ಕೆಲವು ಕಾರ್ಡ್‌ಗಳಲ್ಲಿ "ಟ್ಯಾಪ್ ಆಗಿರುವ ಟ್ರೆಷರ್ ಮಾಡು" ಅಂತ ಬರೆಯಲು ಆಗುತ್ತದೆ. ಇವತ್ತು ಬಂತು, ಖರ್ಚು ಮಾತ್ರ ಮುಂದಿನ ಟರ್ನ್‌ಗೆ.

ಒಡೆದ ಟ್ರೆಷರ್ ಎಲ್ಲಿಗೆ ಹೋಗುತ್ತದೆ? ಸೀದಾ ಗಾಳಿಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಅದು ಮೊದಲು ಗ್ರೇವ್‌ಯಾರ್ಡ್‌ಗೆ (ಬಳಸಿ ಮುಗಿದ ಕಾರ್ಡ್‌ಗಳ ಗುಡ್ಡೆಗೆ) ಹೋಗುತ್ತದೆ, ಅಲ್ಲಿಂದ ಇಲ್ಲವಾಗುತ್ತದೆ. ಆ ಒಂದು ಕ್ಷಣ ಲೆಕ್ಕಕ್ಕೆ ಬರುತ್ತದೆ. 'ಡಿಸೈಪಲ್ ಆಫ್ ದಿ ವಾಲ್ಟ್' ನಿಮ್ಮ ಕಡೆ ಇದ್ದರೆ, ಆರ್ಟಿಫ್ಯಾಕ್ಟ್ ಒಂದು ಟೇಬಲ್‌ನಿಂದ ಗ್ರೇವ್‌ಯಾರ್ಡ್‌ಗೆ ಬಿದ್ದಾಗಲೆಲ್ಲ ಎದುರಾಳಿಯ ಒಂದು ಲೈಫ್ ಕಳೆಯಬಹುದು. ಟ್ರೆಷರ್‌ಗೂ ಅನ್ವಯ. ಆದರೆ ಗ್ರೇವ್‌ಯಾರ್ಡ್‌ನಿಂದ ಆರ್ಟಿಫ್ಯಾಕ್ಟ್ ವಾಪಸ್ ತರುವ ಕಾರ್ಡ್‌ಗೆ ಅದು ಸಿಗುವುದಿಲ್ಲ. ಟೇಬಲ್ ಬಿಟ್ಟ ಟೋಕನ್ ಮತ್ತೆ ಟೇಬಲ್ ಹತ್ತುವಂತಿಲ್ಲ.

'ಮೇಹೆಮ್ ಡೆವಿಲ್' ಇನ್ನೂ ತರಲೆ. ಯಾರು ಏನು ಬಲಿ ಕೊಟ್ಟರೂ ಅದು ಒಂದು ಡ್ಯಾಮೇಜ್ ಹೊಡೆಯುತ್ತದೆ. 'ಯಾರು' ಅಂದರೆ ನೀವೂ ಸೇರಿ. ಎದುರಾಳಿಯ ಡೆವಿಲ್ ಕೊಲ್ಲಲು ನೀವು ಎರಡು ಟ್ರೆಷರ್ ಒಡೆದು ಸ್ಪೆಲ್ ಹಾಕಿದಿರಿ ಅನ್ನಿ. ನಿಮ್ಮ ಸ್ಪೆಲ್ ಹಾಕಿ ಮುಗಿಯುವ ತನಕ ಡೆವಿಲ್ ಕಾಯುತ್ತದೆ. ಆಮೇಲೆ ಅದರ ಎರಡು ಟ್ರಿಗರ್ (ತಾನಾಗಿ ಏಳುವ ಏಟು) ನಿಮ್ಮ ಸ್ಪೆಲ್‌ನ ಮೇಲೆ ಕೂರುತ್ತವೆ. ಮೇಲಿದ್ದದ್ದು ಮೊದಲು ನಡೆಯುತ್ತದೆ. ಡೆವಿಲ್ ಸಾಯುವ ಮುಂಚೆ ಎರಡು ಏಟು ಕೊಟ್ಟೇ ಸಾಯುತ್ತದೆ. ಲ್ಯಾಂಡ್ ಇದ್ದರೆ ಲ್ಯಾಂಡ್ ಬಳಸಿ, ಟ್ರೆಷರ್ ಇಟ್ಟುಕೊಳ್ಳಿ.

ಇನ್ನೊಂದು ಚಿಕ್ಕ ವಿಷಯ. ಟ್ರೆಷರ್‌ನ ಮಾನಾ ವ್ಯಾಲ್ಯೂ, ಅಂದರೆ ಮಾನಾ ಬೆಲೆ, ಸೊನ್ನೆ. 'ರ್‍ಯಾಚೆಟ್ ಬಾಂಬ್' ಅದರ ಮೇಲೆ ಎಷ್ಟು ಕೌಂಟರ್ (ಇಲ್ಲಿ ಎಣಿಕೆಯ ಗುರುತು) ಇದೆಯೋ ಅಷ್ಟೇ ವ್ಯಾಲ್ಯೂ ಇರುವುದನ್ನು ನಾಶ ಮಾಡುತ್ತದೆ. ಬಾಂಬ್ ಮೇಲೆ ಒಂದೂ ಕೌಂಟರ್ ಇಡದೆ ಸಿಡಿಸಿದರೆ ಟೇಬಲ್ ಮೇಲಿನ ಎಲ್ಲ ಟ್ರೆಷರ್ ಹೋಗುತ್ತವೆ. ಸಿಡಿಸಿದವರದ್ದೂ ಸೇರಿ, ನೆನಪಿರಲಿ.

ನಾಲ್ಕು ಜನ ಕೂತು ಆಡುವ ಕಮಾಂಡರ್ ಆಟದಲ್ಲಿ ಟ್ರೆಷರ್ ಕಥೆಯೇ ಬೇರೆ. ಅಲ್ಲಿ 2019ರ ಎರಡು ಕಾರ್ಡ್‌ಗಳು ವರ್ಷಗಟ್ಟಲೆ ಜಗಳ ತಂದವು. ಒಂದು 'ಸ್ಮದರಿಂಗ್ ಟೈತ್'. ಎದುರಾಳಿ ಕಾರ್ಡ್ ಎಳೆದಾಗಲೆಲ್ಲ ಎರಡು ಮಾನಾ ಕೊಡಬೇಕು, ಇಲ್ಲದಿದ್ದರೆ ಟೈತ್ ಇಟ್ಟವರಿಗೆ ಒಂದು ಟ್ರೆಷರ್. ಟೈತ್ ಟೇಬಲ್‌ಗೆ ಬಂದ ಮೇಲೆ ಆಟ ಮುಗಿಯುವ ತನಕ ಒಂದೇ ಮಾತು: "ಎರಡು ಕೊಡ್ತೀಯಾ?" ಬಡ್ಡಿ ವಸೂಲಿಗೆ ಬಂದವರ ಥರ. ಕೇಳಲು ಮರೆತರೆ ತಪ್ಪು ಟೈತ್ ಇಟ್ಟವರದ್ದು, ನೆನಪಿಸುವ ಕೆಲಸ ಉಳಿದವರದ್ದಲ್ಲ. ಇನ್ನೊಂದು 'ಡಾಕ್‌ಸೈಡ್ ಎಕ್ಸ್‌ಟಾರ್ಷನಿಸ್ಟ್'. ಎದುರಾಳಿಗಳ ಹತ್ತಿರ ಎಷ್ಟು ಆರ್ಟಿಫ್ಯಾಕ್ಟ್, ಎನ್‌ಚಾಂಟ್‌ಮೆಂಟ್ (ಟೇಬಲ್ ಮೇಲೆ ಉಳಿಯುವ ಮಾಯೆಯ ಕಾರ್ಡ್) ಇದೆಯೋ ಅಷ್ಟು ಟ್ರೆಷರ್, ಅದೂ ಎರಡು ಮಾನಾದ ಗಾಬ್ಲಿನ್‌ಗೆ. ಎರಡು ಕೊಟ್ಟು ಎಂಟು, ಹತ್ತು ಪಡೆಯುವುದು ಅಲ್ಲಿ ಮಾಮೂಲಾಗಿತ್ತು. ಸೆಪ್ಟೆಂಬರ್ 2024ರಲ್ಲಿ ಅದನ್ನು ಕಮಾಂಡರ್‌ನಿಂದ ಹೊರಗೆ ಹಾಕಿದರು. ದುಡ್ಡು ಕೊಟ್ಟು ತೆಗೆದುಕೊಂಡವರು ಬೈದರು. ನನಗೆ ಮಾತ್ರ ನೆಮ್ಮದಿಯಾಯಿತು. ಆ ಗಾಬ್ಲಿನ್ ಬಂದಾಗಲೆಲ್ಲ ಮೂರು ಜನರ ಮುಂದಿನ ಕಾರ್ಡ್‌ಗಳನ್ನು ಎಣಿಸಿ ಸಾಕಾಗಿತ್ತು.

ಎಣಿಕೆ ಅಂದಾಗ ಒಂದು ದೂರು. ಬಹಳ ಜನ ಟ್ರೆಷರ್‌ಗೆ ಒಂದು ದಾಳ ಇಡುತ್ತಾರೆ. ಐದು ಟ್ರೆಷರ್ ಇದ್ದರೆ ದಾಳದ ಮೇಲೆ ಐದು. ನೋಡಲು ಅಚ್ಚುಕಟ್ಟು. ಆದರೆ ಅದರಲ್ಲಿ ಎರಡು ಟ್ಯಾಪ್ ಆದರೆ ಹೇಗೆ ತೋರಿಸುತ್ತೀರಿ? ಹತ್ತು ನಿಮಿಷ ಆದ ಮೇಲೆ "ಇಲ್ಲ, ಎರಡು ಟ್ಯಾಪ್ ಆಗಿತ್ತು", "ಇಲ್ಲ, ಒಂದೇ" ಅಂತ ಶುರುವಾಗುತ್ತದೆ. ತೋಳು ತಗುಲಿ ದಾಳ ಉರುಳಿದರಂತೂ ದೇವರೇ ಗತಿ. ಟೋಕನ್‌ಗೆ ಏನೇ ಇಡಿ, ಎಷ್ಟಿದೆ, ಎಷ್ಟು ಟ್ಯಾಪ್ ಆಗಿದೆ ಅಂತ ಎದುರಿಗೆ ಕೂತವರಿಗೆ ಕೇಳದೆ ಗೊತ್ತಾಗಬೇಕು.

ಎರಡು ವಾರ ಬಿಟ್ಟು ಆ ಪಿಯುಸಿ ಹುಡುಗ ಮತ್ತೆ ಬಂದಿದ್ದ. ಜೇಬಿನಿಂದ ಸಣ್ಣ ಡಬ್ಬಿ ತೆಗೆದು ಟೇಬಲ್ ಮೇಲೆ ಸುರಿದ. ಹುಣಸೆ ಬೀಜ. ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿದ್ದು. ಅವನ ಅಜ್ಜಿ ಚೌಕಾಬಾರಕ್ಕೆ ಇಟ್ಟುಕೊಂಡಿದ್ದಂತೆ. ಬಿಳಿ ಮೇಲಿದ್ದರೆ ಟ್ಯಾಪ್ ಆಗಿಲ್ಲ, ಕಂದು ಮೇಲಿದ್ದರೆ ಟ್ಯಾಪ್ ಆಗಿದೆ. ಒಡೆದರೆ ಬೀಜ ಡಬ್ಬಿಗೆ. "ನಡೆಯುತ್ತಾ ಸರ್?" ಅಂದ. ಎದುರಾಳಿಯ ಮುಖ ನೋಡಿದೆ. ಅವರು ಆಗಲೇ ಒಂದು ಬೀಜ ಕೈಗೆ ತೆಗೆದುಕೊಂಡು ತಿರುಗಿಸಿ ನೋಡುತ್ತಿದ್ದರು. ನಡೆಯುತ್ತೆ ಅಂದೆ.